ಅರವತ್ತನಾಲ್ಕು, ಎಪ್ಪತ್ತನಾಲ್ಕು

ಹರಾಜಿನ ದಿನ ಜನವೆಲ್ಲ ಬಂದೂಕುಗಳ ಸುತ್ತ.
ನಾನು ಕೈಯೆತ್ತಿದ್ದು ಮೂಲೆಯ ಹಸಿರು ಪೆಟ್ಟಿಗೆಗೆ:
ಮುನ್ನೂರ ನಲವತ್ತು ಡಾಲರು, ಮೇಲೆ ಕೂಗುವವರಿಲ್ಲ.
ಲಿತ್ಗೋ ಊರಿನ ಜುಲೈ. ತಗಡಿನ ಮಾಡಿನ ಮೇಲೆ
ಹತ್ತು ಗಂಟೆಯಾದರೂ ಕರಗದ ಬಿಳಿ ಇಬ್ಬನಿ.
ಇಬ್ಬರು ಹೊತ್ತು ವ್ಯಾನಿಗೆ ಹಾಕುವಾಗ
ಒಳಗೆ ಏನೋ ಮಗ್ಗುಲು ಬದಲಿಸಿತು.

ಗ್ಯಾರೇಜಿನಲ್ಲಿ ಮುಚ್ಚಳ ಎತ್ತಿದರೆ
ಮೊದಲು ಅಗಸೆ ಎಣ್ಣೆ, ಆಮೇಲೆ ಹಳೇ ಫ್ಲಾನೆಲ್,
ಕಟ್ಟಕಡೆಗೆ ಕಬ್ಬಿಣದ ವಾಸನೆ.
ಬೆರಳುದ್ದದ ಹಿತ್ತಾಳೆ ಬುಡ್ಡಿಗಳು ಹದಿನೇಳು,
ನಳಿಗೆಯೊಳಗೆ ಇಳಿಬಿಡುವ ಹುರಿ, ತುದಿಗೆ ತೂಕ,
ತಂಬಾಕಿನ ಡಬ್ಬಿ ತುಂಬ ಸ್ಪ್ರಿಂಗು,
ಒಳಗೇ ಹರಿದು ಉಳಿದ ತೋಟಾದ ಸಿಪ್ಪೆ
ಹೊರಗೆಳೆಯಲೆಂದೇ ಮಾಡಿದ ಒಂದು ಪುಟ್ಟ ಸಾಧನ,
ಮತ್ತೆ ಮೇಣದ ಕಾಗದದಲ್ಲಿ ಎರಡು ಗೇಜು.
ಕೊರೆದ ಅಂಕಿ: ಅರವತ್ತನಾಲ್ಕು. ಎಪ್ಪತ್ತನಾಲ್ಕು.

ತುಮಕೂರಿನ ಗಡಿಯಾರದ ಕಾರ್ಖಾನೆಯಲ್ಲಿ
ಟೂಲ್‌ರೂಮಿನವನು ನಾನು, ಮೈಕ್ರಾನು ಉಂಡು ಬೆಳೆದವನು.
ಇದು ಇಂಚನ್ನು ಸಾವಿರ ಸೀಳಿದ ಲೆಕ್ಕ.
ಮೊದಲನೆಯದರ ಮೇಲೆ ಬೋಲ್ಟು ಮುಚ್ಚಬೇಕು: ಗೋ.
ಎರಡನೆಯದರ ಮೇಲೆ ಮುಚ್ಚಕೂಡದು: ನೋ-ಗೋ.
ನಡುವೆ ಇರುವುದು ಎರಡೂವರೆ ಹಾಳೆ ಕಾಗದ.
ಅದಕ್ಕಿಂತ ಸಡಿಲವಾದರೆ ಬೆಂಕಿ ಹಿಂದಕ್ಕೂ ಬಂದೀತು,
ಹೊಡೆದವನ ಕೆನ್ನೆಗೆ.

ನಮ್ಮ ಮನೆಯಲ್ಲಿ ಹೊಸಿಲು ದಾಟುವಾಗ
'ಹೋಗ್ತೀನಿ' ಅಂದರೆ ಬೈಗುಳ.
ಹಿಂದಕ್ಕೆ ಬಂದು, ಒಂದು ಗಳಿಗೆ ಕೂತು,
'ಬರ್ತೀನಿ' ಅಂತ ತಿದ್ದಿ ಹೊರಡಬೇಕು.
ಗೋ ಇದೆ, ನೋ-ಗೋ ಇದೆ.
ಬರ್ತೀನಿ ಅನ್ನುವುದಕ್ಕೆ ಪೆಟ್ಟಿಗೆಯಲ್ಲಿ ಗೇಜಿಲ್ಲ.

ತಳದಲ್ಲಿ ಉದ್ದನೆಯದೊಂದು ಪುಸ್ತಕ.
ಆರ್ಮರರ್ ಸಾರ್ಜೆಂಟ್ ರೆಜ್ ಹಾಪ್‌ವುಡ್
ನ್ಯೂಗಿನಿಯ ಕೆಸರಲ್ಲಿ ಕೂತು ಬರೆದದ್ದು, ಪೆನ್ಸಿಲು.
ಬಂದ ತಾರೀಕು. ನಂಬರು. ದೋಷ. ರಿಪೇರಿ. ಹೋದ ತಾರೀಕು.
ಮನುಷ್ಯರ ಹೆಸರು ಒಂದೂ ಇಲ್ಲ.
'ನಳಿಗೆಯಲ್ಲಿ ಮಣ್ಣು.' 'ಹಿಡಿ ಸೀಳಿದೆ.' 'ಮತ್ತೆ ಮಣ್ಣು.'
ಡಿ ೨೦೮೧೬ ನಾಲ್ಕು ಸಲ ಬಂದಿದೆ. ನಾಲ್ಕನೆಯ ಸಲ
ದೋಷ: 'ಮರದ ಮೇಲೆ ಹಲ್ಲು ಕಚ್ಚಿದ ಗುರುತು.'
ರಿಪೇರಿ: 'ಉಜ್ಜಿ ತೆಗೆದಿದೆ.'
ಐದನೆಯ ಸಲ ಬಂದಿಲ್ಲ.

ಭಾನುವಾರ ಅವನ ಮಗಳು ಮ್ಯೂರಿಯಲ್ ಬಂದಳು,
ಎಂಬತ್ತರ ಹತ್ತಿರ. ಕೇಳಿದ್ದು ಫ್ಲಾನೆಲಿನ ಒಂದು ತುಂಡು.
ಮೂಗಿಗೆ ಹಿಡಿದು ನಿಂತಳು.
'ಯುದ್ಧದಲ್ಲಿ ಒಂದು ಗುಂಡೂ ಹೊಡೆದಿಲ್ಲ ಅನ್ನುತ್ತಿದ್ದ ಅಪ್ಪ.'
ಚಹಾ ಆರುವಷ್ಟು ಹೊತ್ತು ಬಿಟ್ಟು,
'ಅದಕ್ಕೇ ನಿದ್ದೆ ಬರುತ್ತಿರಲಿಲ್ಲ.'
ಬಿಸ್ಕತ್ತು ಬೇಡವೆಂದು, ಬಟ್ಟೆಯನ್ನು ಚೌಕ ಮಡಿಚಿ
ಕನ್ನಡಕದ ಡಬ್ಬಿಗೆ ಹಾಕಿಕೊಂಡಳು.

ರಾತ್ರಿ ಎರಡು ಬೀಗ ತೆಗೆದೆ:
ಬಂದೂಕಿಗೊಂದು ಕಪಾಟು, ಬೋಲ್ಟಿಗೊಂದು.
ನಾನು ಮೊಟ್ಟಮೊದಲು ಕೊಂಡದ್ದು,
ಈ ಊರಿನ ಕಾರ್ಖಾನೆಯಲ್ಲೇ ಹುಟ್ಟಿದ ಹದಿನಾರನೇ ಇಸವಿಯ ಕೂಸು.
ಅರವತ್ತನಾಲ್ಕು ಇಟ್ಟೆ, ಮುಚ್ಚಿತು.
ಎಪ್ಪತ್ತನಾಲ್ಕು ಇಟ್ಟೆ. ಕಿರುಬೆರಳು ಸಾಕಾಯಿತು, ಮುಚ್ಚಿತು.
ಹನ್ನೊಂದು ವರ್ಷ ಇದಕ್ಕೆ ಎಣ್ಣೆ ತಿಕ್ಕಿದ್ದೇನೆ,
ಬಂದವರ ಕೈಗೆ ಕೊಟ್ಟು ತೂಕ ನೋಡಿ ಅಂದಿದ್ದೇನೆ.

ಬೋಲ್ಟಿನ ತಲೆ ಬದಲಿಸಿದರೆ ಸರಿಹೋದೀತು.
ಪೆಟ್ಟಿಗೆಯಲ್ಲೇ ಆರಿವೆ; ಅರ್ಧ ಗಂಟೆಯ ಕೆಲಸ,
ಟೂಲ್‌ರೂಮಿನ ಕೈ ತಾನಾಗಿ ಅತ್ತ ಹೋಯಿತು.
ಕಲ್ಲಿದ್ದಲ ಗೂಡ್ಸು ಕಣಿವೆ ದಾಟಿ ಮುಗಿಯುವ ತನಕ
ಅಲ್ಲೇ ಇತ್ತು.

ಆಮೇಲೆ ಪುಸ್ತಕ ತೆರೆದು, ರೆಜ್‌ನ ಕೊನೆಯ ಸಾಲಿನ ಕೆಳಗೆ,
ಪೆನ್ಸಿಲಿನಲ್ಲಿ, ಕನ್ನಡದಲ್ಲಿ,
ಬಂದ ತಾರೀಕು ಬರೆದೆ. ನಂಬರು ಬರೆದೆ.
ದೋಷ: ಮುಚ್ಚಬಾರದ್ದರ ಮೇಲೆ ಮುಚ್ಚಿದೆ.
ರಿಪೇರಿ: ಮಾಡಿಲ್ಲ.
ಹೋದ ತಾರೀಕಿನ ಮನೆಯಲ್ಲಿ
ಏನೂ ಬರೆಯಲಿಲ್ಲ.