ಹಿಂದಿನ ಹೆಜ್ಜೆ

ದೋಣಿ ಅಂತ ಹೆಸರು ಈ ಊರಿಗೆ.
ವುಚ್ ಅಂದರೆ ಪೋಲಿಷ್ ಮಾತಿನಲ್ಲಿ ದೋಣಿ.
ಹೊಳೆಗಳನ್ನು ಮಾತ್ರ, ಗಿರಣಿಗಳ ಕಾಲದಲ್ಲೇ
ನೆಲದಡಿ ಹೂತು ಮೇಲೆ ಕಲ್ಲು ಹಾಸಿದ್ದಾರೆ.

ಇಲ್ಲಿ, ಫೆಬ್ರವರಿಯ ಒಂದು ಮಂಗಳವಾರ,
ಹದಿನಾಲ್ಕು ಜನಕ್ಕೆ
(ಅದರಲ್ಲೊಬ್ಬ ಚಳಿ ತಾಳದೆ ಒಳಬಂದ ಟ್ರಾಮ್ ಚಾಲಕ)
‘ನಲವತ್ತನೆಯ ಮಗ್ಗ’ ತೋರಿಸಿದೆವು.

ಅರವತ್ತೊಂದರಲ್ಲಿ ಒಂಬತ್ತು ದಿನ ಓಡಿದ ಚಿತ್ರ.
ಹತ್ತನೆಯ ದಿನ ಯಾರೂ ತಡೆಯಲಿಲ್ಲ, ಯಾರೂ ಬರಲೂ ಇಲ್ಲ.
ಆಮೇಲೆ ಸಿಕ್ಕಿದ್ದು ಗಣಿಯೂರಿನ ಕ್ಲಬ್ಬಿನ ನೆಲಮಾಳಿಗೆಯಲ್ಲಿ,
ಆಲೂಗಡ್ಡೆ ಮೂಟೆಗಳ ಕೆಳಗೆ, ಆರು ಡಬ್ಬಿ.
ಹುಳಿ ವಾಸನೆಗೆ ಉಪ್ಪಿನಕಾಯಿ ಅಂದುಕೊಂಡಿದ್ದರಂತೆ.
ಎರಡು ಚಳಿಗಾಲ ನಾನದರ ಧ್ವನಿಪಟ್ಟಿಯ ಮುಂದೆ ಕೂತೆ,
ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ
ಒಂದೊಂದೇ ಗೀರು, ಒಂದೊಂದೇ ಚಟಪಟ.

ಕಥೆ ಇಷ್ಟೇ: ಗಿರಣಿಯ ಗುಮಾಸ್ತ ಝೆನೊನ್.
ಮಗ್ಗ ಮೂವತ್ತೊಂಬತ್ತು. ಪಗಾರ ನಲವತ್ತಕ್ಕೆ.
ಲೆಕ್ಕ ಕೇಳಿದ ರಾತ್ರಿಯಿಂದ ಬೆನ್ನ ಹಿಂದೊಂದು ನಡಿಗೆ.
ಟಕ್. ಟಕ್. ಆಮೇಲೆ ಎಡಗಾಲು ಕೊಂಚ ಎಳೆದ ಹಾಗೆ
ಸ್ರ್ರ್.
ಕೊನೆವರೆಗೂ ಮುಖವಿಲ್ಲ,
ಕೋಟಿನ ಅಂಚಿಲ್ಲ, ಗೋಡೆಗೊಂದು ನೆರಳಿಲ್ಲ.
ಝೆನೊನ್ ತಿರುಗಿದಾಗೆಲ್ಲ ಕ್ಯಾಮೆರಾ ತಿರುಗುತ್ತದೆ:
ಖಾಲಿ ಬೀದಿ, ದೀಪದ ಕೆಳಗೆ ಹಿಮ,
ಹಿಮದ ಮೇಲೆ ಅವನದೊಂದೇ ಗುರುತು.
ಹನ್ನೊಂದು ಸೆಕೆಂಡು ಏನೂ ಆಗುವುದಿಲ್ಲ.
ಮೇಜಿನ ಮೇಲೆ ನೂರು ಸಲ ನೋಡಿದ್ದೇನೆ,
ನೂರು ಸಲವೂ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಗಿದೆ.

ಮೂರನೆಯ ಸಾಲಿನಲ್ಲಿ ಕೋಟು ಬಿಚ್ಚದೆ ಕೂತ ಮುದುಕಿ.
ಕಾಲು ಸುಮ್ಮನಿರಲಿಲ್ಲ ಅವಳದು.
ಟಕ್. ಟಕ್. ಸ್ರ್ರ್.
ಪರದೆಯದಕ್ಕಿಂತ ಕೂದಲೆಳೆಯಷ್ಟು ಮೊದಲು.
ಟ್ರಾಮ್ ಚಾಲಕ ‘ಶ್’ ಅಂದ. ಅವಳಿಗೆ ಅದು ಕೇಳಿಸಲೇ ಇಲ್ಲ.

ದೀಪ ಬಂದ ಮೇಲೆ, ಕೈಚೀಲ ಎದೆಗವಚಿಕೊಂಡು:
‘ಬೊಗುಮಿವಾ ನನ್ನ ಹೆಸರು. ಕೊಲೆಗಾರ ನಾನು.

‘ಆ ಪಾತ್ರಕ್ಕೆ ಗೊತ್ತಾಗಿದ್ದವ ಮೊದಲ ದಿನ ಕುಡಿದು ಬಂದ,
ಎರಡನೇ ದಿನ ಬರಲೇ ಇಲ್ಲ. ದುಡ್ಡೂ ಮುಗಿದಿತ್ತು.
ಮುಖ ಬೇಡ, ನಡಿಗೆ ಸಾಕು ಅಂದರು. ನನ್ನನ್ನು ಕರೆದರು.
ಬಾಗಿಲು ಕಿರುಗುಟ್ಟಿಸುವುದು ನನ್ನ ಕೆಲಸ,
ಪರದೆಯ ಮೇಲಿನವರು ಮುತ್ತಿಟ್ಟರೆ
ನನ್ನ ಮುಂಗೈಗೆ ನಾನೇ ಮುತ್ತಿಡುವುದು.
ಹಿಮ ಅಂದರೆ ಆಲೂಗಡ್ಡೆ ಹಿಟ್ಟು, ಚರ್ಮದ ಚೀಲದಲ್ಲಿ.
ಬೂಟು ನನ್ನ ಗಂಡನದು. ಆ ವರ್ಷವೇ ತೀರಿಕೊಂಡಿದ್ದ.
ಎರಡು ಅಳತೆ ದೊಡ್ಡದು. ಪೇಪರ್ ತುರುಕಿಕೊಂಡೆ,
ಆದರೂ ಎಡಗಾಲಿನದು ಜಾರುತ್ತಿತ್ತು.
ಈ ಕುಂಟು ಎಲ್ಲಿ ಕಲಿತೆ, ಭಲೇ, ಅಂದರು ನಿರ್ದೇಶಕರು.
ಏನು ಹೇಳಲಿ?
ಹೆಸರುಗಳ ಪಟ್ಟಿಯಲ್ಲಿ ನಾನಿಲ್ಲ. ಹುಡುಕಬೇಡ.’

ಹುಡುಕಿದೆ. ಇಲ್ಲ.
ದೀಪದ ತಂತಿ ಹಿಡಿದವನಿದ್ದಾನೆ,
ಝೆನೊನನ ಟೊಪ್ಪಿಗೆ ಎರವಲು ಕೊಟ್ಟ ಅಂಗಡಿಯಿದೆ.
ಮೂರಡಿ ಪೆಟ್ಟಿಗೆಯೊಳಗೆ
ಸತ್ತ ಗಂಡನ ಬೂಟಿನಲ್ಲಿ ನಿಂತಲ್ಲೇ ನಡೆದು
ಒಂದಿಡೀ ಊರು ದಾಟಿದವಳಿಲ್ಲ.

ಹೊರಗೆ ನಿಜದ ಹಿಮ.
ಅವಳು ಟ್ರಾಮ್ ನಿಲ್ದಾಣದ ಕಡೆ,
ಕುರ್ಚಿಯಲ್ಲಿ ಮರೆತ ಕೈಗವಸು ಹಿಡಿದು ನಾನು ಹಿಂದೆ.
ಇಟ್ಟಿಗೆಯ ಹಳೇ ಗಿರಣಿಗೋಡೆ ಉದ್ದಕ್ಕೂ.
ಬೀದಿಯಲ್ಲಿ ಇಬ್ಬರೇ.
ಅರ್ಧ ದಾರಿಯಲ್ಲಿ ಹೊಳೆಯಿತು ನನಗೆ, ನಾನು ಯಾರ ಜಾಗದಲ್ಲಿದ್ದೇನೆಂದು,
ಹೆಜ್ಜೆ ತಾನಾಗಿ ಸಣ್ಣದಾಯಿತು.

ಅವಳು ನಿಂತಳು.
ತಿರುಗಲಿಲ್ಲ.
‘ಹಿಮ್ಮಡಿ ಮೊದಲು ಊರು, ಮಗೂ.
ಹೀಗೆ ಬೆಕ್ಕಿನ ಹಾಗೆ ಬಂದರೆ ಯಾರು ನಂಬುತ್ತಾರೆ?’

ಕೈಗವಸು ಜೇಬಿಗಿಳಿಸಿದೆ.
ದೀಪದ ಕಂಬದವರೆಗೆ ವಾಪಸು ಹೋಗಿ
ಮತ್ತೆ ಮೊದಲಿನಿಂದ ನಡೆದು ಬಂದೆ.