ಗಡುವು ರಾತ್ರಿ ಹನ್ನೆರಡಕ್ಕೆ

ಮೈಸೂರಿನವರ ಫೋನು ಬಂದಾಗ
ನಾನು ಬಾಲಿಗೆ ಗಾಳಿ ಹೊಡೆಯುತ್ತಿದ್ದೆ.
ಮುತ್ತಣ್ಣನ್ನ ಕೊಡ್ತೀವಿ ಕಣ್ರೀ, ಅಂದರು,
ಆರಡಿ ಏಳಿಂಚು, ರೈಲ್ವೇಸಿಗೆ ಆಡಿದ ಕೈ,
ಬುಟ್ಟಿಯ ಕೆಳಗೆ ಸುಮ್ಮನೆ ನಿಂತರೂ ಸಾಕು,
ಈ ಸಲದ ಲೀಗು ದಾವಣಗೆರೆಗೆ.
ಬದಲಿಗೆ ಹೆಚ್ಚೇನಿಲ್ಲ,
ನಿಮ್ಮ ಆ ಇಬ್ಬರು ಹುಡುಗರು,
ಮುಂದಿನೆರಡು ವರ್ಷದ ಮೊದಲ ಆಯ್ಕೆ.
ಹನ್ನೆರಡರೊಳಗೆ ಹೇಳಿಬಿಡಿ.

ಹೆಚ್ಚೇನಿಲ್ಲ ಅನ್ನುವುದನ್ನು
ಮೈಸೂರಿನವರು ಬಹಳ ಮೆತ್ತಗೆ ಅನ್ನುತ್ತಾರೆ.

ಮಿಲ್ಲು ಮುಚ್ಚಿ ಉಳಿದದ್ದು ಈ ಅಂಗಳ,
ಅಂಗಳಕ್ಕೆ ಎರಡು ಕಂಬ, ಒಂದೂವರೆ ಬಲೆ.
ಖಜಾಂಚಿ ಹಾಲೇಶಪ್ಪ ರಸೀದಿಯ ಬೆನ್ನಿಗೆ ಗೆರೆ ಎಳೆದ.
ಈಚೆ ಬರೆದ: ಕಪ್ಪು, ಒಂದು.
ಆಚೆ ಪೆನ್ನು ಊರಿಕೊಂಡು ಕೂತ.
ಬರದ ನಾಳೆಯನ್ನ ಯಾವ ಅಂಕಿಯಲ್ಲಿ ಹಾಕೋದು ಕೋಚೇ?
ಬೆಣ್ಣೆದೋಸೆ ಬೆಳಗಿನವರೆಗೆ ಎತ್ತಿಟ್ಟು ತಿಂತಾರೇನು?

ಮುತ್ತಣ್ಣನಿಗೆ ಮೂವತ್ತನಾಲ್ಕು.
ಬಲಮಂಡಿಗೆ ಎರಡು ಸಲ ಕತ್ತರಿ ಬಿದ್ದಿದೆ.
ಒಂದು ಸೀಸನ್ನು, ದೇವರು ದೊಡ್ಡವನಾದರೆ ಒಂದೂವರೆ.
ಇಲಿಯಾಸನಿಗೆ ಹದಿನೇಳು,
ಪೇಪರ್ ಹಾಕಿ ಮುಗಿಸಿ ಸೈಕಲ್ಲಲ್ಲೇ ಅಭ್ಯಾಸಕ್ಕೆ ಬರುತ್ತಾನೆ,
ಎಡಗೈಗೆ ಬಾಲು ಹೋದರೆ ಇನ್ನೂ
ಪಕ್ಕದ ಮನೆಯ ಮಗು ಎತ್ತಿಕೊಂಡವನ ಹಾಗೆ.
ಕೆಂಚಪ್ಪನಿಗೆ ಹದಿನಾರು.
ಹೋದ ಯುಗಾದಿಗೆ ಎಂಟನೇ ನಂಬರಿನ ಶೂ, ಈಗ ಹನ್ನೊಂದು.
ಇವನು ಎಲ್ಲಿಗೆ ನಿಲ್ತಾನೆ ಸಾರ್, ಅಂತಾಳೆ ಅವರಮ್ಮ.
ಗೊತ್ತಿಲ್ಲ ತಾಯಿ.
ಆ ಗೊತ್ತಿಲ್ಲ ಅನ್ನೋದೇ ನನ್ನ ಆಸ್ತಿ.

ಒಂಬತ್ತೂವರೆಗೆ ಗೋಡೆಯಾಚೆ ಹೋದೆ,
ದಾದಾಪೀರನ ಭಟ್ಟಿಗೆ.
ಕಾದ ಮರಳಿಗೆ ಎರಡು ಬೊಗಸೆ ಅಕ್ಕಿ,
ಚಟಪಟ, ಅಷ್ಟೇ,
ಜರಡಿ ತುಂಬ ಬೆಳ್ಳಗೆ ಮಂಡಕ್ಕಿ.
ಎಷ್ಟು ಬೇಗ, ಎಷ್ಟು ಜಾಸ್ತಿ!
ಹಿಡಿದು ನೋಡಿದರೆ ಮಾತ್ರ ಕೈಯಲ್ಲಿ ಏನೂ ಇಲ್ಲ.
ಮೂಲೆಯಲ್ಲಿ ಮೂರು ಮೂಟೆ ಹುರಿಯದೆ ಇಟ್ಟಿದ್ದ.
ಅದನ್ನ ಯಾಕೆ ಇಟ್ಟಿದ್ದೀ, ಕೇಳಿದೆ,
ನನಗೆ ಬೇಕಾದ ಮಾತು ಅವನ ಬಾಯಿಂದ ಬರಲಿ ಅಂತ.
ಇಟ್ಟದ್ದಕ್ಕೆ ಇಲಿ ಬೀಳುತ್ತೆ ಸಾರ್, ಅಂದ.
ನಾಳೆ ಅದನ್ನೂ ಹುರಿದುಬಿಡ್ತೀನಿ.

ವಾಪಸು ಬರುವಾಗ
ಖಾಲಿ ಮೆಟ್ಟಿಲ ಮೂರನೆಯದರ ಮೇಲೆ ಟಾರ್ಚು ಬಿತ್ತು.
ಗುರುಪಾದಪ್ಪನವರ ಜಾಗ.
ಸ್ಪಿನ್ನಿಂಗ್ ಖಾತೆಯಲ್ಲಿದ್ದವರು, ಈಗ ಎಂಬತ್ತೊಂದು.
ಎಪ್ಪತ್ತನಾಲ್ಕರ ಫೈನಲ್ಲು ಒಂದೇ ಪಾಯಿಂಟಿಗೆ ಕೈಬಿಟ್ಟಿತ್ತಂತೆ,
ಆ ಬಾಲು ರಿಂಗಿನ ಮೇಲೆ ಎರಡು ಸುತ್ತು ಸುತ್ತಿ ಹೊರಗೆ ಬಿದ್ದದ್ದನ್ನು
ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುತ್ತಾರೆ, ಈಗಲೂ.
ಅವರ ಮುಂದೆ ನಿಂತು
ಕಾಯೋಣ ಅನ್ನಲು ಯಾವ ನಾಲಿಗೆ?
ಕಾಯುವುದು ಕಾಲ ಇದ್ದವರ ಸಿರಿತನ.

ಹನ್ನೊಂದು ನಲವತ್ತಕ್ಕೆ ಬೇಡ ಅಂದೆ.
ಮೈಸೂರಿನವರು ಮೆತ್ತಗೇ ಫೋನಿಟ್ಟರು.
ಹಾಲೇಶಪ್ಪ ರಸೀದಿ ಹರಿಯಲಿಲ್ಲ, ಮಡಚಿ ಜೇಬಿಗಿಟ್ಟ,
ನಾಳೆ ನನ್ನ ಮುಖಕ್ಕೆ ಹಿಡಿಯಲು ಬೇಕಾಗುತ್ತದಲ್ಲ.
ಹೇಳಿದ ಮೇಲೆ ಹೊಟ್ಟೆ ತಣ್ಣಗಾಗುತ್ತೆ ಅಂದುಕೊಂಡಿದ್ದೆ.
ಆಗಲಿಲ್ಲ. ರಾತ್ರಿಯೆಲ್ಲ ಮುತ್ತಣ್ಣ
ನನ್ನ ಸೂರಿನ ಕೆಳಗೆ ನಿಂತು
ಒಂದರ ಮೇಲೊಂದು ಬಾಲು ಬುಟ್ಟಿಗೆ ಹಾಕಿದ.

ಬೆಳಿಗ್ಗೆ ಗುರುಪಾದಪ್ಪನವರಿಗೆ ನಾನೇ ಹೇಳಿದೆ.
ಎಷ್ಟು ವರ್ಷ?
ಮೂರು. ನಾಲ್ಕೂ ಆಗಬಹುದು.
ಅಂಗಳದ ಕಡೆ ನೋಡಿದರು, ಬಹಳ ಹೊತ್ತು,
ಕೆಂಚಪ್ಪನ ಆ ದೋಣಿಯಂಥ ಪಾದಗಳನ್ನು.
ಕಲ್ಲು ಕೊರೆಯುತ್ತೆ ಮಾರಾಯ, ಅಂದರು,
ನಾಳೆಯಿಂದ ದಿಂಬು ತರ್ತೀನಿ.

ಅಷ್ಟರಲ್ಲಿ ಇಲಿಯಾಸ, ಯಾರೂ ಹೇಳದೆ,
ಎಡಗೈಯಲ್ಲಿ ಎಸೆದ.
ಬಾಲು ರಿಂಗಿಗೆ ಬಡಿದು ಗೋಡೆ ಹಾರಿತು.
ಆಚೆಯಿಂದ ದಾದಾಪೀರನ ಬೈಗುಳ ಬಂತು.
ಬಾಲು ಇನ್ನೂ ಬಂದಿಲ್ಲ.