ಎರಡೇ ತಂತಿ

ಮೇಜಿನ ಮೇಲೆ ಎಲ್ಲವೂ ಚೆಂದ ಮಾತಾಡುತ್ತಿದ್ದವು.
ಅತ್ತ ಸೆನ್ಸರು, ಇತ್ತ ಹೆಬ್ಬೆರಳಿನಷ್ಟು ಚಿಪ್ಪು,
ನಡುವೆ ಗೇಣುದ್ದ ತಂತಿ.
ಐ-ಸ್ಕ್ವೇರ್-ಸಿ ಅಂದರೆ ಪಿಸುಮಾತು:
ಒಂದರಲ್ಲಿ ತಾಳ, ಇನ್ನೊಂದರಲ್ಲಿ ಸುದ್ದಿ.
ಮಣಿಪಾಲದ ನನ್ನ ಬಾಡಿಗೆ ಕೋಣೆಗೆ
ಅಷ್ಟು ಸಾಕಿತ್ತು.

ಮಲ್ಪೆ ಬೇರೆ.
ಹುಸೇನಬ್ಬರ ಐಸ್ ಪ್ಲಾಂಟಿನಲ್ಲಿ
ಉಪ್ಪುನೀರಿನ ತೊಟ್ಟಿಯಿಂದ ಆಫೀಸಿನ ಗೋಡೆಗೆ
ನಲವತ್ತೆರಡು ಮೀಟರು. ನಡೆದೇ ಅಳೆದೆ,
ಚಪ್ಪಲಿ ಒದ್ದೆ.
ದಾರಿಯಲ್ಲಿ ಅಮೋನಿಯದ ಕಂಪ್ರೆಸರು.
ಅದು ಗುಡುಗಿ ಎದ್ದ ಕೂಡಲೆ
ಮೈನಸ್ ಒಂಬತ್ತು ಇದ್ದದ್ದು
ನೂರ ಇಪ್ಪತ್ತೇಳಾಯಿತು.
"ನನ್ನ ಐಸು ಕುದೀತಾ ಉಂಟಾ ಮಾರಾಯ್ತಿ?"
ಅಂದರು ಅವರು, ನಗದೆ.

ರಾತ್ರಿ ಕೂತು ಲೆಕ್ಕ ಹಾಕಿದೆ.
ಎಸ್‌ಪಿಐ ಶ್ರೀಮಂತರ ಮನೆಯ ಊಟ:
ಬಡಿಸುವುದಕ್ಕೆ ಮೂರು ತಂತಿ,
ಆರು ತೊಟ್ಟಿಗೆ ಕರೆಗಂಟೆ ಬೇರೆ ಆರು.
ಚುರುಕು ಹೌದು, ಆದರೆ ಹೊಸಿಲು ದಾಟದು.
ಯುಆರ್‌ಟಿಗೆ ತಾಳವೇ ಇಲ್ಲ;
ಒಂಬತ್ತು ಸಾವಿರದ ಆರುನೂರು ಎಂದು
ಮೊದಲೇ ಆಡಿಕೊಂಡ ಒಂದು ಮಾತಿನ ಮೇಲೆ ಸಂಸಾರ.
ನನ್ನ ಬಾಯಿ ಅದರ ಕಿವಿಗೆ, ಅದರ ಬಾಯಿ ನನ್ನ ಕಿವಿಗೆ.
ಮರೆತು ಬಾಯಿಗೆ ಬಾಯಿ ಬೆಸೆದರೆ
ಇಬ್ಬರೂ ಮಾತಾಡುತ್ತಲೇ ಇರುತ್ತೇವೆ,
ನನ್ನ ಅಪ್ಪ ಅಮ್ಮನ ಹಾಗೆ.

ಮರುದಿನ ದಕ್ಕೆಯಲ್ಲಿ ಶೀನ ಕುಂದರ್
ತೊಡೆಯ ಮೇಲೆ ಎರಡೆಳೆ ಇಟ್ಟು ಹುರಿ ಮಾಡುತ್ತಿದ್ದರು.
"ಒಂಟಿ ಎಳೆ ಯಾಕೆ ಬೇಡ?"
"ಬಾಳಿಕೆ ಇಲ್ಲ," ಅಂದರು. ತಲೆ ಎತ್ತಲಿಲ್ಲ.
ನನಗೆ ಏನೋ ಹೊಳೆಯಿತು ಅಂತ ಅಲ್ಲ;
ಎರಡನೇ ವರ್ಷದ ಪುಸ್ತಕದಲ್ಲೇ ಇತ್ತು,
ಪರೀಕ್ಷೆಗೆ ಬರಲಿಲ್ಲ, ಮರೆತಿದ್ದೆ.

ಆರ್‌ಎಸ್ ನಾಲ್ಕುನೂರ ಎಂಬತ್ತೈದು.
ಹೊಸೆದ ಜೋಡಿ.
ಒಂದೇ ಮಾತನ್ನು ಒಂದು ತಂತಿ ಹೌದು ಎಂದು,
ಇನ್ನೊಂದು ಅಲ್ಲ ಎಂದು ಒಯ್ಯುತ್ತದೆ.
ಕಂಪ್ರೆಸರಿನ ಬೊಬ್ಬೆ ಇಬ್ಬರಿಗೂ ಸಮ ತಗಲುತ್ತದೆ.
ಆಚೆ ಕೂತವ ಒಂದರಿಂದ ಒಂದನ್ನು ಕಳೆಯುತ್ತಾನೆ:
ಬೊಬ್ಬೆಗೆ ಬೊಬ್ಬೆ ವಜಾ,
ಭಿನ್ನಾಭಿಪ್ರಾಯ ಮಾತ್ರ ಉಳಿಯುತ್ತದೆ,
ಅದೇ ಸುದ್ದಿ.
ಎರಡೂ ತುದಿಗೆ ನೂರಿಪ್ಪತ್ತು ಓಮು ಬೆಸೆದೆ,
ಆಡಿದ್ದು ಗೋಡೆಗೆ ಬಡಿದು ಹಿಂದೆ ಬರಬಾರದು.
ಆರು ತೊಟ್ಟಿಗೂ ಇದೊಂದೇ ಜೋಡಿ,
ಹೆಸರು ಕರೆದವರು ಮಾತ್ರ ಬಾಯಿ ತೆರೆಯಬೇಕು.
ನಾಲ್ಕನೆಯದು ಯಾಕೋ ತಡಮಾಡುತ್ತದೆ.
ಕಾಯುತ್ತೇನೆ.

ಬೆಳಗಿನ ನಾಲ್ಕಕ್ಕೆ ಕಂಪ್ರೆಸರು ಎದ್ದಿತು.
ಮೈನಸ್ ಒಂಬತ್ತು ದಶಾಂಶ ನಾಲ್ಕು.
ಮೈನಸ್ ಒಂಬತ್ತು ದಶಾಂಶ ನಾಲ್ಕು.
ಹುಸೇನಬ್ಬ ಹೋಗಿ ತೊಟ್ಟಿಗೆ ಬೆರಳು ಅದ್ದಿದರು,
ಲುಂಗಿಗೆ ಒರಸಿಕೊಂಡರು: "ಸರಿ ಉಂಟು."
ಮತ್ತೆ ಬಿಲ್ಲು ನೋಡಿ,
"ಎರಡೇ ತಂತಿಗೆ ಆರು ದಿನವಾ?"
"ಎರಡು ಸಾಕು ಅಂತ ಗೊತ್ತಾಗ್ಲಿಕ್ಕೆ ಐದು ದಿನ ಹೋಯ್ತು."
ಐನೂರು ಹಿಡಿದರು,
ಎಂಟು ಬಂಗುಡೆ ಕಟ್ಟಿಕೊಟ್ಟರು.

ಗೇಟಿನವರೆಗೆ ಬಂದಿದ್ದೆ,
ಹಿಂದೆ ಗೋಡೆಯ ಮೇಲೆ
ನಾಲ್ಕನೆಯ ತೊಟ್ಟಿ ಉತ್ತರ ಕೊಟ್ಟಿತು.